ತಾಲ್ಲೂಕು ಚತುಷ್ಟಯದ ಉಗಾಂಡಾಭಿಮುಖ ಪಕ್ಷಿವೀಕ್ಷಣಾ ಪರಿಪ್ರೇಕ್ಷ್ಯ: ಒಂದು ಪ್ರಾಸ್ತಾವಿಕ ಅನುಸಂಧಾನ

0. ತಾತ್ವಿಕ ಹಿನ್ನೆಲೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ತಾಲ್ಲೂಕು ಚತುಷ್ಟಯದ ಐವರು ನಿವೃತ್ತರು ಉಗಾಂಡಕ್ಕೆ ಹಕ್ಕಿ ನೋಡಲು ಹೋಗುವ ಕುರಿತು ಹನ್ನೊಂದು ಸಭೆಗಳಲ್ಲಿ ನಡೆಸಿದ ಚಿಂತನ-ಮಂಥನವನ್ನು ಬಹುಶಿಸ್ತೀಯ ನೆಲೆಯಲ್ಲಿ ಅವಲೋಕಿಸುವ ಒಂದು ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ‘ವಿನಮ್ರ’ ಎಂಬ ಪದವನ್ನು ಅಧ್ಯಕ್ಷರ ಸೂಚನೆಯ ಮೇರೆಗೆ ಸೇರಿಸಲಾಗಿದೆ. ಪ್ರಬಂಧಕಾರನು ಐವರಲ್ಲಿ ಐದನೆಯವನು. ಚಹಾದ ಲೆಕ್ಕ ಬರೆಯುವವನು.

1. ಪಾರಿಭಾಷಿಕ ನಿಷ್ಕರ್ಷೆ

‘ನೋಡುವುದು’ ಬೇರೆ, ‘ವೀಕ್ಷಣೆ’ ಬೇರೆ. ನೋಡಲು ಎರಡು ಕಣ್ಣು ಸಾಕು. ವೀಕ್ಷಣೆಗೆ ದುರ್ಬೀನು, ಹಸಿರು ಟೊಪ್ಪಿಗೆ ಮತ್ತು ಹನ್ನೆರಡು ಜೇಬಿನ ಜಾಕೀಟು ಬೇಕು. ಹೊಲದಲ್ಲಿ ದಿನಾ ಹಕ್ಕಿಗಳ ನಡುವೆಯೇ ಇರುವ ಕುರುಬನು ಜಾಕೀಟಿನ ಅಭಾವದಿಂದಾಗಿ ವೀಕ್ಷಕನಾಗಲಾರ.

ಜೀವನದಲ್ಲಿ ಮೊದಲ ಸಲ ಕಂಡ ಹಕ್ಕಿಗೆ ವೀಕ್ಷಕರು ‘ಲೈಫರ್’ ಎನ್ನುತ್ತಾರೆ. ಬೆಳಗಾವಿ ಜಿಲ್ಲೆಯ ಮಟ್ಟಿಗೆ ಈ ಪದ ಹಿಂಡಲಗಾ ಜೈಲಿನಲ್ಲಿ ಮೊದಲಿನಿಂದಲೂ ಬಳಕೆಯಲ್ಲಿದೆ. “ಉಗಾಂಡದಾಗ ಮುನ್ನೂರು ಲೈಫರ್ ಗ್ಯಾರಂಟಿ” ಎಂದು ಅಧ್ಯಕ್ಷರು ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡ ಅವರ ಮನೆಯವರು ಪಾಸ್‌ಪೋರ್ಟನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟರು. ನಾಲ್ಕನೆಯ ಸಭೆ ಅದನ್ನು ಹುಡುಕುವುದರಲ್ಲೇ ಕಳೆಯಿತು.

2. ಪ್ರಾದೇಶಿಕ ವರ್ಗೀಕರಣ

2.1 ಕಿತ್ತೂರು ಪಂಥ: ಸಮಸ್ತ ವಿದ್ಯಮಾನಗಳನ್ನೂ 1824ರಿಂದ ಆರಂಭಿಸುವುದು ಇದರ ಲಕ್ಷಣ. ವಿಮಾನದವರು ಬಿಡುವ 23 ಕಿಲೋ ಲಗೇಜಿಗೂ ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷರ ಥ್ಯಾಕರೆ ಉರುಳಿದ ಅಕ್ಟೋಬರ್ 23ಕ್ಕೂ ಇರುವ ಆಂತರಿಕ ಸಂಬಂಧವನ್ನು ಈ ಪಂಥ ಮುಕ್ಕಾಲು ತಾಸು ವಿಶದಪಡಿಸಿತು.

2.2 ಸವದತ್ತಿ ಪಂಥ: “ನಮ್ಮ ಅಣೆಕಟ್ಟಿನ ಹೆಸರೇ ನವಿಲುತೀರ್ಥ. ಹೆಸರಿನಾಗ ಹಕ್ಕಿ ಇಟ್ಕೊಂಡವರು ನಾವು. ಅವರಿಗೇನೈತಿ?” ಎಂಬುದು ಇದರ ಮೂಲಪ್ರಮೇಯ. ಉಗಾಂಡದ ಬಾವುಟದ ನಡುವೆಯೇ ಜುಟ್ಟಿನ ಕೊಕ್ಕರೆ ನಿಂತಿದೆ ಎಂದು ತಿಳಿದ ಮೇಲೆ ಈ ಪಂಥ ಎರಡು ಸಭೆಗಳ ಕಾಲ ಮೌನವಾಗಿತ್ತು.

2.3 ರಾಮದುರ್ಗ ಪಂಥ: ಖಟಕ್ ರೊಟ್ಟಿ ಎಷ್ಟು, ಶೇಂಗಾ ಚಟ್ನಿ ಎಷ್ಟು.

2.4 ಬೈಲಹೊಂಗಲ ಪಂಥ: ಇದರಲ್ಲಿ ಅ, ಆ, ಇ ಎಂದು ಮೂರು ಉಪಪಂಥಗಳಿದ್ದು, ‘ಇ’ಯಲ್ಲಿ ಮತ್ತೆ... ಸಾಕು. ಇರುವ ಐದು ಮಂದಿಗೆ ಇಷ್ಟು ಪಂಥ ಯಾಕೆ? ಬ್ಯಾಸರಾತು.

3. ನಾಮಕರಣ ಮೀಮಾಂಸೆ

ಉಗಾಂಡದಲ್ಲಿ ಸಾವಿರಕ್ಕೂ ಮಿಕ್ಕಿ ಬಗೆಯ ಹಕ್ಕಿಗಳಿವೆ. ಹೊರಡುವ ಹತ್ತು ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು. ಅದರ ಕಾರ್ಡಿಲ್ಲದೆ ಮರಳಿದರೆ ಆರು ದಿನದವರೆಗೆ ಪ್ರತ್ಯೇಕ ಇಡುತ್ತಾರೆ. ಇವೆಲ್ಲ ಹತ್ತು ನಿಮಿಷದ ಮಾತು. ಮೂರು ಸಭೆ ನುಂಗಿದ್ದು ಶೂಬಿಲ್ ಎಂಬ ಒಂದೇ ಹಕ್ಕಿ. ಎಂಟೆಬ್ಬೆಗೆ ಹತ್ತಿರದ ಮಬಾಂಬ ಜೌಗಿನಲ್ಲಿ, ಆಪಿನ ನಡುವೆ, ಮೀನಿಗಾಗಿ ತಾಸುಗಟ್ಟಲೆ ಅಲುಗಾಡದೆ ನಿಲ್ಲುವ ಎದೆಯೆತ್ತರದ ಬೂದು ಹಕ್ಕಿ. ಕಣ್ಣಿಗೆ ಬಿದ್ದರೆ ಅಂದು ಮೀನು ಸಿಗದೆಂದು ಅಲ್ಲಿನ ಬೆಸ್ತರು ಹಿಂದೆ ಅದನ್ನು ಕೊಲ್ಲುತ್ತಿದ್ದರಂತೆ. ಅದನ್ನು ಕನ್ನಡದಲ್ಲಿ ಏನೆನ್ನಬೇಕು? ‘ಪಾದರಕ್ಷಾಚಂಚು’ ಎಂದರು ಅಧ್ಯಕ್ಷರು. ‘ಉಪಾನಹತುಂಡ’ ಹೆಚ್ಚು ಶಾಸ್ತ್ರೀಯ ಎಂದಿತು ಕಿತ್ತೂರು.

ಇಲ್ಲಿ ಪ್ರಬಂಧಕಾರನು ಸಂಶೋಧನಾ ಸಂಯಮವನ್ನು ಬಿಟ್ಟುಕೊಡುತ್ತಾನೆ. ಈ ಕನ್ನಡ ನನಗೆ ಹೊಸದಲ್ಲ. ಒಮ್ಮೆ ಎರಡು ದಿನದ ವಿಚಾರ ಸಂಕಿರಣದಲ್ಲಿ ಕೂತಿದ್ದೆ. ವೇದಿಕೆಯ ಮೇಲೆ ಒಬ್ಬರು ಗುಬ್ಬಿಯನ್ನು ‘ಗೃಹಸಂಲಗ್ನ ಲಘುಪಕ್ಷಿ’ ಎಂದು ಕರೆದು ನಲವತ್ತು ನಿಮಿಷ ಓದಿದರು. ಅವರ ನೆತ್ತಿಯ ಮೇಲಿನ ಫ್ಯಾನಿನ ಬಟ್ಟಲಿಗೆ ಗುಬ್ಬಿಯೊಂದು ಹುಲ್ಲುಕಡ್ಡಿ ಸಾಗಿಸುತ್ತಿತ್ತು. ಯಾರೂ ಕತ್ತೆತ್ತಲಿಲ್ಲ. ಫ್ಯಾನು ಹಾಕಿಬಿಟ್ಟಾರು ಎಂಬ ಹೆದರಿಕೆಯಲ್ಲಿ ನಾನು ಮಾತ್ರ ಸ್ವಿಚ್ಚಿನ ಪಕ್ಕ ನಿಂತೆ. ಯಾರಿಗೆ ತಿಳಿಯಲೆಂದು ಇದನ್ನೆಲ್ಲ ಬರೆಯುತ್ತಾರೆ? ತಮಗಾದರೂ ತಿಳಿಯುತ್ತದೆಯೇ?

ಹತ್ತನೆಯ ಸಭೆ ನಮ್ಮ ಮನೆಯಲ್ಲಿ ನಡೆಯಿತು. ಚಹಾ ತಂದ ಅವ್ವ ಪುಸ್ತಕದಲ್ಲಿನ ಚಿತ್ರ ನೋಡಿ ನಕ್ಕಳು. “ಎಲಾ, ಕೆರಮೂತಿ!” ಎಂದಳು.

ಮೂರು ಸಭೆ ಅಲ್ಲಿಗೆ ಮುಗಿದವು. ಅಧ್ಯಕ್ಷರು ಮಾತ್ರ ‘ಗ್ರಾಮ್ಯ’ ಎಂದು ಬರೆದುಕೊಂಡರು.

4. (ಶೀರ್ಷಿಕೆ ಇಲ್ಲ)

ಅವರೆಲ್ಲ ಹೋದ ಮೇಲೂ ಅವ್ವ ಹಾಳೆ ಮಗುಚುತ್ತ ಕೂತಿದ್ದಳು. ಪೂರ್ವ ಆಫ್ರಿಕಾದ ಹುಲ್ಲುಗಾವಲಿನ ಪುಟದಲ್ಲಿ ಅವಳ ಬೆರಳು ನಿಂತಿತು. “ಏ, ಇದು ನಮ್ಮ ಎರ್ಲಡ್ಡು ಅಲ್ಲೇನೋ?”

ಅಲ್ಲ, ಕೋರಿ ಬಸ್ಟರ್ಡ್ ಅಂತ, ಎಂದೆ.

“ಕೋರಿ? ರಾಮದುರ್ಗದ ಕೋರಿಯವರ ಪೈಕೇನು?”

ನಗು ಬಂತು. ಆದರೆ ಅವಳು ಪೈಕಿ ಹಿಡಿದದ್ದು ಸುಳ್ಳಾಗಿರಲಿಲ್ಲ. ಕೋರಿಯೂ, ನಮ್ಮ ಬಯಲಿನ ಬಸ್ಟರ್ಡ್ ಆದ ಎರ್ಲಡ್ಡೂ ಒಂದೇ ಕುಲದ ಹಕ್ಕಿಗಳು. ಅದೇ ಉದ್ದ ಕುತ್ತಿಗೆ, ಅದೇ ಗತ್ತಿನ ನಡಿಗೆ. ಸಣ್ಣಾಕಿ ಇದ್ದಾಗ ತವರಿನ ಎರೆ ಹೊಲದಲ್ಲಿ ಬಿಳಿಜೋಳ ಕೀಳಲು ಹೋದರೆ ಕುರಿಮರಿಯಷ್ಟು ದೊಡ್ಡ ಹಕ್ಕಿ ಮಿಡತೆ ಹೆಕ್ಕುತ್ತ ಹೋಗುತ್ತಿತ್ತಂತೆ. ಬರಿ ನೆಲದ ಮೇಲೆ ಒಂದೇ ಒಂದು ಮೊಟ್ಟೆ. ಅದನ್ನು ಕಂಡರೆ ಅವಳಪ್ಪ ಅಷ್ಟು ಜಾಗ ಬಿಟ್ಟು ಎತ್ತು ಹೊಡೆಯುತ್ತಿದ್ದ.

1972ರಲ್ಲಿ ಮಲಪ್ರಭೆಗೆ ಅಣೆಕಟ್ಟಾಯಿತು. ಕಾಲುವೆ ಬಂತು, ಜೋಳದ ಜಾಗಕ್ಕೆ ಕಬ್ಬು ಬಂತು. ಆ ನೀರನ್ನು ಬೈಯಲಾರೆ. ನನ್ನ ಕಾಲೇಜಿನ ಫೀ ಬಂದದ್ದು ಅದರಿಂದಲೇ. ಆಮೇಲೆ ಗುಡ್ಡದ ನೆತ್ತಿಗೆ ಗಾಳಿಯಂತ್ರಗಳು ನಿಂತವು, ಬಯಲಿಗೆ ತಂತಿ ಬಂತು. ಎರ್ಲಡ್ಡಿನ ಕಣ್ಣುಗಳು ತಲೆಯ ಪಕ್ಕಕ್ಕಿವೆ, ಎದುರಿನ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಈಗ ಬಯಲಿನಲ್ಲಿ ಸ್ವತಂತ್ರವಾಗಿ ಉಳಿದಿರುವವು ದೇಶಕ್ಕೆಲ್ಲ ನೂರೈವತ್ತಕ್ಕೂ ಕಡಿಮೆ, ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆ. ಕೆರಮೂತಿಗೆ ಹಕ್ಕಿಯಿದೆ, ಹೆಸರಿರಲಿಲ್ಲ. ಎರ್ಲಡ್ಡಿನದು ತಿರುಗಾಮುರುಗಾ, ಹೆಸರು ಅವ್ವನ ಬಾಯಲ್ಲಿ ಉಳಿದಿದೆ. ಅವ್ವನಿಗೆ ಎಂಬತ್ತಾರು.

“ಅಲ್ಲಿ ಕಬ್ಬು ಹಚ್ಯಾರೇನು?” ಎಂದು ಕೇಳಿದಳು.

ಇಲ್ಲ ಅವ್ವಾ, ಬರೇ ಹುಲ್ಲು.

“ಹಂಗಾರ ಇರ್ಲಿ ಬಿಡು,” ಎಂದು ಪುಸ್ತಕ ಮುಚ್ಚಿದಳು.

ಹನ್ನೆರಡನೆಯ ಸಭೆಯ ಸೂಚನಾಪತ್ರ ನಿನ್ನೆ ಬಂದಿದೆ. ವಿಷಯ: ಕೋರಿ ಹಕ್ಕಿಗೆ ಶಾಸ್ತ್ರೀಯ ನಾಮಕರಣ. ಚಹಾದ ಲೆಕ್ಕ ಬರೆಯಲು ಬೇರೆ ಯಾರನ್ನಾದರೂ ನೋಡಿಕೊಳ್ಳಿರಿ ಎಂದು ಹೇಳಿ ಕಳಿಸಿದ್ದೇನೆ.