ಮಾವ ಮುಟ್ಟಬಹುದಾದ ಭಾಗ

ಎಆರ್-15 ಎಂಬ ರೈಫಲ್ಲನ್ನು ಬಿಚ್ಚಿ ಮೇಜಿನ ಮೇಲೆ ಹರಡಿ, ಇದರಲ್ಲಿ ಕೋವಿ ಎಲ್ಲಿದೆ ತೋರಿಸಿ ಎಂದರೆ ನಾನಾದರೆ ನಳಿಗೆಯನ್ನು ತೋರಿಸುತ್ತೇನೆ. ನಮ್ಮ ತೀರ್ಥಹಳ್ಳಿ ಕಡೆ ಯಾರನ್ನು ಕೇಳಿದರೂ ಅದನ್ನೇ ತೋರಿಸುತ್ತಾರೆ. ಅಮೆರಿಕ ಸರ್ಕಾರ ಮಾತ್ರ ಅಂಗೈ ಮೇಲೆ ಕೂರುವ ಒಂದು ಅಲ್ಯೂಮಿನಿಯಂ ಚೌಕಟ್ಟನ್ನು ತೋರಿಸುತ್ತದೆ. ಅದಕ್ಕೆ ಲೋವರ್ ರಿಸೀವರ್ ಎಂದು ಹೆಸರು. ಟ್ರಿಗರ್ ಕೂರುವುದು ಅದರೊಳಗೆ, ನಂಬರು ಕೆತ್ತಿರುವುದು ಅದರ ಮೈಮೇಲೆ. ಅದೊಂದನ್ನು ಹೊಸದಾಗಿ ಕೊಳ್ಳಬೇಕಾದರೆ ಲೈಸೆನ್ಸಿರುವ ಅಂಗಡಿಗೆ ಹೋಗಿ ಫಾರಂ ತುಂಬಬೇಕು, ನೀವು ಸಭ್ಯಸ್ಥರು ಹೌದೋ ಅಲ್ಲವೋ ಎಂದು ಅಂಗಡಿಯವನು ಸರ್ಕಾರವನ್ನು ವಿಚಾರಿಸಬೇಕು. ಮಿಕ್ಕಿದ್ದೆಲ್ಲ, ಅಂದರೆ ನಳಿಗೆ, ಹಿಡಿ, ಸ್ಪ್ರಿಂಗು, ಹೆಗಲಿಗೆ ಆನಿಸಿಕೊಳ್ಳುವ ಹಿಂಬದಿಯ ಸ್ಟಾಕು, ಬರೀ ಸಾಮಾನು. ಟೆಕ್ಸಾಸಿನ ನಮ್ಮ ಮಗಳ ಮನೆ ಬಾಗಿಲಿಗೆ ಅಳಿಯನ ನಳಿಗೆಯೂ ನನ್ನ ಹೆಂಡತಿ ಹೇಳಿ ತರಿಸಿದ್ದ ಕುಕ್ಕರ್ ಗ್ಯಾಸ್ಕೆಟ್ಟೂ ಒಂದೇ ದಿನ ಬಂದು ಬಿದ್ದವು.

ಈ ಕಾನೂನು ನನಗೆ ಇಷ್ಟು ಬಾಯಿಪಾಠವಾಗಲು ಕಾರಣ ಮಗಳು. ಅವಳೂ ಅಳಿಯನೂ ಈಗ ಅಲ್ಲಿನ ಪ್ರಜೆಗಳು. ನಾವಿಬ್ಬರೂ ಪ್ರವಾಸಿ ವೀಸಾದವರು. ನಮ್ಮಂಥ ವೀಸಾದವರು ಅಲ್ಲಿ ಕೋವಿಯನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳುವಂತಿಲ್ಲ ಎಂದು 1998ರಲ್ಲಿ ಅವರ ಕೇಂದ್ರ ಕಾಯ್ದೆಗೆ ಒಂದು ಕಲಮು ಸೇರಿಸಿದ್ದಾರೆ. ಮಗಳು ಅದನ್ನು ಓದಿ, ನಮ್ಮ ಮನೆಮಟ್ಟಿಗೆ ಇನ್ನಷ್ಟು ಬಿಗಿ ಮಾಡಿ ಜಾರಿಗೆ ತಂದಳು. "ಅಪ್ಪ, ಆ ನಂಬರಿರೋದನ್ನ ಮಾತ್ರ ಮುಟ್ಟಬೇಡ. ಅದಕ್ಕೆ ಅಂಟಿಕೊಂಡಿರೋದನ್ನೂ ಮುಟ್ಟಬೇಡ. ಬಿಡಿಯಾಗಿದ್ರೆ ಏನು ಬೇಕಾದ್ರೂ ಮುಟ್ಕೋ."

ಕಾಯ್ದೆಯಲ್ಲಿ ಒಂದು ಕಿಂಡಿಯೂ ಇದೆ. ಯಾವುದಾದರೊಂದು ರಾಜ್ಯದ ಬೇಟೆ ಲೈಸೆನ್ಸ್ ಮಾಡಿಸಿಕೊಂಡರೆ ವೀಸಾದವರಿಗೂ ವಿನಾಯಿತಿ ಸಿಗುತ್ತದೆ. ಟೆಕ್ಸಾಸಿನಲ್ಲಿ ಆ ಲೈಸೆನ್ಸನ್ನು ಕ್ರೀಡಾ ಸಾಮಾನಿನ ಅಂಗಡಿಯಲ್ಲೇ ಕೊಡುತ್ತಾರೆ. "ಮಾವ, ಹೋಗಿ ಮಾಡಿಸಿಬಿಡೋಣ" ಎಂದ ಅಳಿಯ. ನನಗೆ ಮನಸ್ಸಿತ್ತು. ಆದರೆ ಆ ಹೊತ್ತಿಗೆ ನನ್ನ ಹೆಂಡತಿ ಬಸಳೆ ಸೊಪ್ಪಿನ ಹುಳಿ ಬಡಿಸುತ್ತಿದ್ದಳು. ಸೌಟನ್ನು ಅಲ್ಲೇ ನಿಲ್ಲಿಸಿ, "ಹಿತ್ತಲಿಗೆ ಬಂದ ಮಂಗನ್ನ ಓಡಿಸೋಕೆ ನನ್ನ ಕರೀತಿದ್ರಿ" ಎಂದಷ್ಟೇ ಹೇಳಿದಳು. ಲೈಸೆನ್ಸಿನ ಮಾತು ಅಲ್ಲಿಗೆ ನಿಂತಿತು.

ಹೀಗಾಗಿ ಇಡೀ ರೈಫಲ್ಲಿನಲ್ಲಿ ನನ್ನ ಪಾಲಿಗೆ ಉಳಿದದ್ದು ಸ್ಟಾಕು. ಸ್ಪ್ರಿಂಗುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ, ನಳಿಗೆ ಅಳಿಯನ ಪ್ರಾಣ. ಸ್ಟಾಕನ್ನು ಯಾರೂ ಕೇಳುವವರಿರಲಿಲ್ಲ.

ಕೋವಿ ನನಗೆ ಹೊಸದೇನಲ್ಲ. ನಮ್ಮಪ್ಪನಿಗೆ ಬೆಳೆ ಕಾಯಲೆಂದು ಕೊಟ್ಟ ಲೈಸೆನ್ಸಿನ ಒಂದು ಕೇಪಿನ ಕೋವಿ ಇತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ. ನಮಗೆ ಆ ಭಾಗ್ಯವಿಲ್ಲ. ಚುನಾವಣೆ ಬಂತೆಂದರೆ ಕೋವಿ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಎಂದು ಪ್ರಜಾಪ್ರಭುತ್ವ ಬಲವಾದಷ್ಟೂ ನಮ್ಮ ಕೋವಿ ಠಾಣೆಯಲ್ಲಿ ಕಳೆಯುವ ಕಾಲವೂ ಜಾಸ್ತಿಯಾಗುತ್ತ ಹೋಯಿತು. ಹಂದಿಗಳಿಗೆ ಚುನಾವಣಾ ಆಯೋಗದ ವೇಳಾಪಟ್ಟಿ ಮೊದಲೇ ತಿಳಿಯುತ್ತದೆಂದು ಅಪ್ಪನ ದೃಢ ನಂಬಿಕೆ. ಆ ಕೋವಿಯ ಹಿಂಬದಿಯ ಮರ ಒಮ್ಮೆ ಸೀಳಿದಾಗ ಊರಿನ ಆಚಾರಿ ಬೇರೆ ಮಾಡಿಕೊಟ್ಟ. ಅಳತೆಗೆ ಅಪ್ಪನನ್ನು ಕರೆಯಲಿಲ್ಲ. ಅಂಗಳದಲ್ಲಿ ಹೋಗುತ್ತಿದ್ದವನನ್ನು ಒಮ್ಮೆ ನೋಡಿದ, ಸಾಕಾಯಿತು.

ಅಳಿಯ ಸಾಫ್ಟ್‌ವೇರಿನವನಾದ್ದರಿಂದ ನೋಡಿದರೆ ಸಾಕಾಗುವುದಿಲ್ಲ. ಮೊದಲು ತತ್ತ್ವ ನಿರ್ಣಯವಾಗಬೇಕು. ಸ್ಟಾಕಿನಲ್ಲಿ ಎರಡು ಮತಗಳು. ಒಂದು ಹಿಂದೆ ಮುಂದೆ ಜಾರುವುದು. ಬೇಕಾದ ಉದ್ದಕ್ಕೆ ಎಳೆದು ನಿಲ್ಲಿಸಿಕೊಳ್ಳಬಹುದು. ಇನ್ನೊಂದು ಫಿಕ್ಸೆಡ್, ಕೂರಿಸಿದ ಮೇಲೆ ಅದು ಎಷ್ಟುದ್ದವೋ ನೀವು ಅದಕ್ಕೆ ಹೊಂದಿಕೊಳ್ಳಬೇಕು. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳ ಕಾನೂನಿನಲ್ಲಿ ಜಾರುವ ಸ್ಟಾಕು ರೈಫಲ್ಲಿನ ದುರ್ಲಕ್ಷಣಗಳ ಪಟ್ಟಿಗೆ ಸೇರಿದೆ. ಅಲ್ಲಿಯವರು ಫಿಕ್ಸೆಡ್ ಹಾಕಿಸಿದರೆ ಅದಕ್ಕೊಂದು ಕಾರಣವಿದೆ. ಟೆಕ್ಸಾಸಿನಲ್ಲಿ ಆ ತೊಂದರೆಯೇ ಇಲ್ಲ. ಆದರೂ ಅಳಿಯನಿಗೆ ಫಿಕ್ಸೆಡ್ಡೇ ಬೇಕು.

"ಜಾರೋದು ತಂದ್ರೆ ನನಗೂ ಆಗತ್ತಲ್ಲ" ಎಂದಳು ಮಗಳು.

"ಅದು ಲೊಡಲೊಡ ಅಲ್ಲಾಡತ್ತೆ" ಎಂದ ಅಳಿಯ. ಗಂಡಸರು ಒಂದು ವಸ್ತುವನ್ನು ಒಬ್ಬರೇ ಇಟ್ಟುಕೊಳ್ಳಬೇಕೆಂದು ನಿಶ್ಚಯಿಸಿದಾಗ ತಾಂತ್ರಿಕ ಕಾರಣ ಕೊಡುತ್ತಾರೆ.

ಅವನ ಪರವಾಗಿಯೂ ಹೇಳಬೇಕಾದದ್ದಿದೆ. ಅವನು ಕಟ್ಟುತ್ತಿದ್ದುದು ಇಪ್ಪತ್ತು ಇಂಚಿನ ನಳಿಗೆಯ, ವಿಯೆಟ್ನಾಂ ಕಾಲದ ಚಹರೆಯ ರೈಫಲ್ಲು. ಯೂಜಿನ್ ಸ್ಟೋನರ್ ಮತ್ತು ಅವನ ಜೊತೆಗಾರರು 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆರ್ಮಲೈಟ್‌ನಲ್ಲಿ ರೂಪಿಸಿದ್ದು ಇದರ ಮೂಲ. ಆರ್ಮಲೈಟ್ ಎಂಬುದು ಫೇರ್‌ಚೈಲ್ಡ್ ಎಂಬ ವಿಮಾನ ಕಂಪನಿಯ ಒಂದು ಶಾಖೆ; ಅದಕ್ಕೇ ಕೋವಿಗೆ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬಳಸುವ ಧೈರ್ಯ ಬಂದದ್ದು. 1959ರಲ್ಲಿ ಹಕ್ಕನ್ನು ಕೋಲ್ಟ್ ಕಂಪನಿಗೆ ಮಾರಿದರು. ವಿಯೆಟ್ನಾಮಿಗೆ ಹೋದ ಸೈನಿಕರು ಆ ಕಪ್ಪು ಪ್ಲಾಸ್ಟಿಕ್ಕನ್ನು ನೋಡಿ, ಇದನ್ನು ಮಾಡಿದ್ದು ಆಟಿಕೆ ತಯಾರಿಸುವ ಮ್ಯಾಟೆಲ್ ಕಂಪನಿಯೇ ಇರಬೇಕೆಂದು ನಗಾಡುತ್ತಿದ್ದರಂತೆ.

ಇದರ ಸ್ಟಾಕು ಬರೀ ಹೆಗಲಿಗೆ ಆನಿಸುವ ದಿಂಬಲ್ಲ. ನಮ್ಮಪ್ಪನ ಕೋವಿಯಲ್ಲಿ ಮರ ನಳಿಗೆಯ ಗೆರೆಯಿಂದ ಕೆಳಕ್ಕೆ ಬಾಗಿತ್ತು. ಈಡು ಹಾರಿದಾಗ ಕೋವಿಯ ಮೂತಿ ಆಕಾಶ ನೋಡುತ್ತಿತ್ತು, ಅಪ್ಪನ ಹೆಗಲು ನೀಲಿಗಟ್ಟುತ್ತಿತ್ತು. ಸ್ಟೋನರನ ಪಂಗಡದವರು ಸ್ಟಾಕನ್ನು ನಳಿಗೆಯ ನೇರಕ್ಕೇ ಇಟ್ಟು, ಅದರ ಹೊಟ್ಟೆಯೊಳಗೆ ಒಂದು ಕೊಳವೆ, ಕೊಳವೆಯೊಳಗೆ ಉದ್ದನೆಯ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಬಫರ್ ಎಂಬ ತೂಕ ಇಟ್ಟರು. ಪ್ರತಿ ಈಡಿಗೂ ಒಳಗಿನ ಬೋಲ್ಟು ಹಿಂದಕ್ಕೆ ಬಂದು ಅದನ್ನು ಒತ್ತಿ ವಾಪಸು ಹೋಗುತ್ತದೆ. ಒದೆತ ನೇರ ಹೆಗಲಿಗೆ ಬರುವುದರಿಂದ ಮೂತಿ ಅಷ್ಟಾಗಿ ಮೇಲೇಳುವುದಿಲ್ಲ. ಹಾಗೆಂದು ಸ್ಟಾಕನ್ನು ಮನಸ್ಸಿಗೆ ಬಂದ ಹಾಗೆ ಕತ್ತರಿಸುವಂತಿಲ್ಲ, ಕೊಳವೆ ತುಂಡಾಗುತ್ತದೆ. ಫಿಕ್ಸೆಡ್ ಸ್ಟಾಕಿಗೆ ಉದ್ದ ಕೊಳವೆ, ಉದ್ದ ಸ್ಪ್ರಿಂಗು, ಉದ್ದ ಬಫರ್. ಜಾರುವುದಕ್ಕೆ ಎಲ್ಲವೂ ಗಿಡ್ಡ. ಅದರದ್ದು ಇದಕ್ಕಾಗದು. ಅಳಿಯ ಇದನ್ನು ವಿವರಿಸುವಾಗ ಅವನ ಮುಖದಲ್ಲಿದ್ದ ತೇಜಸ್ಸು ಅವನ ಮದುವೆಯ ಫೋಟೋಗಳಲ್ಲಿಲ್ಲ.

ಫಿಕ್ಸೆಡ್ ಎಂದು ತೀರ್ಮಾನವಾದ ಮೇಲೂ ಪಂಗಡಗಳಿವೆ. ಎ1 ಎಂಬುದು ಹಳೆಯದು. 1980ರ ದಶಕದಲ್ಲಿ ಅಮೆರಿಕದ ಮರೀನ್ ಪಡೆ ರೈಫಲ್ಲನ್ನು ಸುಧಾರಿಸುವ ನೆಪದಲ್ಲಿ ಸ್ಟಾಕನ್ನು ಒಂದು ಇಂಚಿನ ಎಂಟನೇ ಐದು ಭಾಗದಷ್ಟು ಉದ್ದ ಮಾಡಿತು, ಅದು ಎ2. ಅಷ್ಟುದ್ದ ಯಾಕೆ ಬೇಕಿತ್ತೆಂದು ಗೊಣಗಿದವರು ಆಗಲೇ ಇದ್ದರು. ಆಮೇಲೆ ಎದೆಗೆ ದಪ್ಪನೆಯ ಕವಚ ಕಟ್ಟಿಕೊಳ್ಳುವ ಕಾಲ ಬಂದಾಗ ಗೊಣಗಾಟ ಇನ್ನೂ ಜೋರಾಯಿತು. ಇವೆರಡೂ ಸಾಲದೆಂಬವರಿಗೆ ಕೆನ್ನೆ ಆನಿಸುವ ಜಾಗವನ್ನು ತಿರುಪಿನಿಂದ ಏರಿಸಿ ಇಳಿಸುವ, ಇನ್ನೂರು ಡಾಲರ್ ದಾಟುವ ಸ್ಟಾಕುಗಳಿವೆ. ಅಕ್ರೂಟ್ ಮರದಲ್ಲಿ ಮಾಡಿದ್ದೂ ಸಿಗುತ್ತದೆ. ಅದರ ಚಿತ್ರ ನೋಡಿ ನನಗೆ ಊರಿನ ಆಚಾರಿ ನೆನಪಾಗಿ, "ಇದು ಚೆನ್ನಾಗಿದೆ" ಎಂದೆ. ಅಳಿಯ ಹಿರಿಯರಿಗೆ ತೋರಿಸುವ ಗೌರವದಿಂದ ಸುಮ್ಮನಾದ.

ಅವನ ಮನಸ್ಸು ಎ2 ಮೇಲೆ. ಯಾಕೆಂದು ಕೇಳಿದರೆ, "ಗಟ್ಟಿ ಪ್ಲಾಸ್ಟಿಕ್ಕು ಮಾವ" ಎನ್ನುತ್ತಾನೆ. ವಿಯೆಟ್ನಾಂ ಚಹರೆಗೆ 1980ರ ದಶಕದ ಬೆನ್ನು ಹೇಗೆ ಹೊಂದುತ್ತದೆ ಎಂದರೆ ಉತ್ತರವಿಲ್ಲ. ನಿಜವಾದ ಕಾರಣ ಹೊರಬಿದ್ದದ್ದು ಅಳತೆಯ ದಿನ.

ಟ್ರಿಗರಿನಿಂದ ಸ್ಟಾಕಿನ ಹಿಂಗೊನೆಯವರೆಗಿನ ಉದ್ದ ಹಿಡಿಯುವವನ ಕೈಗೆ ತಕ್ಕಂತಿರಬೇಕು. ನೋಡುವ ಹಳೆಯ ಉಪಾಯ ಸುಲಭ: ಮೊಣಕೈಯನ್ನು ಚೌಕಕ್ಕೆ ಮಡಚಿ, ಸ್ಟಾಕಿನ ಹಿಂಗೊನೆಯನ್ನು ಆ ಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳು ಆರಾಮಾಗಿ ಟ್ರಿಗರಿಗೆ ಸಿಗಬೇಕು. ಕೋವಿ ಇನ್ನೂ ಕೋವಿಯಾಗಿರಲಿಲ್ಲವಾದ್ದರಿಂದ ಟೇಪು ಬೇಕಾಯಿತು. ಮನೆಯಲ್ಲಿ ಟೇಪು ಇದ್ದದ್ದು ನನ್ನ ಹೆಂಡತಿಯ ಚೀಲದಲ್ಲಿ. ಎಷ್ಟೋ ವರ್ಷ ಊರಿನ ಹೆಂಗಸರ ರವಿಕೆ ಹೊಲಿದವಳು. ಟೇಪಿಲ್ಲದೆ ವಿಮಾನ ಹತ್ತುವವಳಲ್ಲ.

"ಕೈ ಮಡಚಿ ನಿಂತ್ಕೊಳ್ಳಿ. ಉಸಿರು ಬಿಗಿ ಹಿಡೀಬೇಡಿ" ಎಂದಳು ಅಳಿಯನಿಗೆ. ಅವನು ಸಂಕೋಚದಿಂದ ಮುದುಡಿದ. ಅತ್ತೆಯ ಮುಂದೆ ಮೈಯಳತೆಗೆ ನಿಲ್ಲುವ ಶಾಸ್ತ್ರ ನಮ್ಮ ಯಾವ ಮದುವೆಯಲ್ಲೂ ಇಲ್ಲ. ಒಮ್ಮೆ ಟೇಪು ಕೈಗೆ ಬಂದ ಮೇಲೆ ಅವಳು ಮೊಣಕೈಗೆ ನಿಲ್ಲುವವಳೇ? ಹೆಗಲು, ತೋಳು, ಕೊನೆಗೆ ನೆತ್ತಿಯಿಂದ ಹಿಮ್ಮಡಿ.

"ಜಾತಕದ ಜೊತೆ ಕಳಿಸಿದ್ದ ಕಾಗದದಲ್ಲಿ ಐದು ಅಡಿ ಏಳು ಅಂತ ಇತ್ತಲ್ಲ?"

ಅಳಿಯ ಕಿಟಕಿಯಾಚೆ ನೋಡಿದ. ಮಗಳು ಅಡುಗೆಮನೆಗೆ ಹೋದಳು, ನಗಲಿಕ್ಕೆಂದೇ.

ಇಲ್ಲೇ ನನಗೆ ಈ ಸ್ಟಾಕಿನ ಮೇಲೆ ಪ್ರೀತಿ ಹುಟ್ಟಿದ್ದು. ರೈಫಲ್ಲಿನ ಬೇರೆ ಭಾಗಗಳನ್ನೆಲ್ಲ ಕಲ್ಪನೆಯಲ್ಲಿ ಕೊಳ್ಳಬಹುದು. ಆರುನೂರು ಗಜದಾಚೆಯ ಗುರಿಗೆಂದು ನಳಿಗೆ ತರಿಸಿ ಅರವತ್ತು ಗಜದಲ್ಲಿ ಹೊಡೆದರೆ ನಳಿಗೆ ಏನೂ ಅನ್ನುವುದಿಲ್ಲ. ಸ್ಟಾಕಿನ ಹತ್ತಿರ ಆ ಆಟ ನಡೆಯುವುದಿಲ್ಲ. ನಿನ್ನ ತೋಳು ಇಷ್ಟೇ, ಕುತ್ತಿಗೆ ಇಷ್ಟೇ ಎಂದು ಅದು ಮುಖಕ್ಕೆ ಹೇಳುತ್ತದೆ. ಬಯೋಡೇಟಾದಲ್ಲಿ ಬರೆದ ಎತ್ತರದವನಿಗೆ ಎ2, ಗೋಡೆಗೆ ನಿಲ್ಲಿಸಿ ಅಳೆದವನಿಗೆ ಎ1. ಎಂಟನೇ ಐದು ಇಂಚಿಗಾಗಿ ಒಬ್ಬ ಇಂಜಿನಿಯರು ಅಷ್ಟೊಂದು ಸಂಜೆ ಕಂಪ್ಯೂಟರಿನ ಮುಂದೆ ಕೂತಿದ್ದ. ಟೇಪಿಗೆ ಎರಡು ನಿಮಿಷ ಹಿಡಿಯಿತು.

ಎ1 ಬಂತು. ಹಿಂಬದಿಯಲ್ಲಿ ಪುಟ್ಟ ಮುಚ್ಚಳವಿದ್ದ ಮಾದರಿ. ವಿಯೆಟ್ನಾಮಿಗೆ ಮೊದಮೊದಲು ಕಳಿಸಿದ ರೈಫಲ್ಲುಗಳ ಜೊತೆ ಒರೆಸುವ ಸಾಮಾನು ಸಾಕಷ್ಟು ಕೊಡಲಿಲ್ಲ. ಅವು ಕಾದಾಟದ ನಡುವೆ ಕಟ್ಟಿಕೊಂಡು ನಿಂತು, ವಿಷಯ 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸುವ ಮಟ್ಟಕ್ಕೆ ಹೋಯಿತು. ತೋಟಾದ ಮದ್ದಿನ ಪುಡಿ ಬದಲಾಯಿಸಿದ್ದೂ ಒಂದು ಕಾರಣ. ಆಮೇಲಿನ ಸ್ಟಾಕುಗಳಲ್ಲಿ ಬ್ರಶ್ಶು, ಸಲಾಕೆ ಇಡಲು ಈ ಗೂಡು ಮಾಡಿದರು. ಅಷ್ಟೂ ಗಂಭೀರ ಇತಿಹಾಸ ಕೇಳಿದ ಮೇಲೆ ನಾನು ಮುಚ್ಚಳ ತೆಗೆದು ನೋಡಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ ಮೂರೂ ಹಿಡಿಸುತ್ತವೆ. ಪರೀಕ್ಷಿಸಿದ್ದೇನೆ.

ಕೂರಿಸುವ ದಿನ ಮಗಳು ಕೆಲಸಕ್ಕೆ ರಜೆ ಹಾಕಿ ಮೇಲ್ವಿಚಾರಣೆಗೆ ನಿಂತಳು. ಅಳಿಯ ಲೋವರ್ ರಿಸೀವರನ್ನು ವೈಸಿನಲ್ಲಿ ಕಚ್ಚಿಸಿ ಕೊಳವೆಯನ್ನು ತಿರುಗಿಸಿದ. ರಿಸೀವರಿನ ತಳದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದು ಗೂಟವಿದೆ, ಬಫರನ್ನು ತಡೆದು ನಿಲ್ಲಿಸುವುದು ಅದೇ. ಕೊಳವೆಯ ತುಟಿ ಆ ಗೂಟದ ಅಂಚನ್ನು ಅದುಮಿ ಹಿಡಿಯಬೇಕು, ಆದರೆ ಅದು ಮೇಲೆ ಕೆಳಗೆ ಆಡುತ್ತಿರಬೇಕು. ಅದಾಯಿತು. ಮುಂದಿನದ್ದೇ ಪ್ರಾಣ ತಿನ್ನುವ ಕೆಲಸ. ರೈಫಲ್ಲನ್ನು ಬಿಚ್ಚಲು ಹಿಂಭಾಗದಲ್ಲೊಂದು ಪಿನ್ನಿದೆ. ಅದು ಬಿದ್ದು ಹೋಗದ ಹಾಗೆ ಸಾಸಿವೆಗಿಂತ ಸ್ವಲ್ಪ ಉದ್ದದ ಒಂದು ಕಡ್ಡಿ, ಕಡ್ಡಿಯ ಬೆನ್ನಿಗೆ ಕೂದಲಿನಂಥ ಸ್ಪ್ರಿಂಗು. ಆ ಸ್ಪ್ರಿಂಗಿನ ಬಾಲ ಹೊರಗೆ ಚಾಚಿಕೊಂಡಿರುತ್ತದೆ. ಅದನ್ನು ಒಳಕ್ಕೆ ಒತ್ತಿ ಹಿಡಿಯುವುದು ಸ್ಟಾಕೇ. ಸ್ಟಾಕು ಚೂರು ಸೊಟ್ಟ ಬಂದರೆ ಸ್ಪ್ರಿಂಗು ಮಡಚಿಕೊಳ್ಳುತ್ತದೆ, ಇಲ್ಲವೇ ಹಾರುತ್ತದೆ.

ಹಾರಿತು. ದೇವರ ಮನೆಯ ಕಡೆ ಹೋಯಿತೆಂದು ನಾನು, ಸೋಫಾದ ಕೆಳಗೆಂದು ಅಳಿಯ. ಇಬ್ಬರೂ ಮಂಡಿಯೂರಿದ್ದನ್ನು ನೋಡಿ ನನ್ನ ಹೆಂಡತಿ, ಹಪ್ಪಳ ತುಂಬಿ ತಂದಿದ್ದ ದೊಡ್ಡ ಪಾರದರ್ಶಕ ಚೀಲವನ್ನು ಕೊಟ್ಟು, "ಇದರೊಳಗೆ ಕೈ ಹಾಕಿ ಮಾಡಿ" ಎಂದಳು. ಅನುಭವಸ್ಥರೂ ಹಾಗೇ ಮಾಡುತ್ತಾರೆಂದು ಅಳಿಯ ಆಮೇಲೆ ಒಪ್ಪಿಕೊಂಡ. ಮುಂಜಾಗ್ರತೆಗೆ ಹೆಚ್ಚಿನ ಸ್ಪ್ರಿಂಗುಗಳನ್ನು ತರಿಸಿದ್ದ, ಅದು ಅವನ ವಿವೇಕ.

ಒಬ್ಬರು ಸ್ಪ್ರಿಂಗಿನ ಬಾಲ ನೋಡಿಕೊಳ್ಳಬೇಕು, ಇನ್ನೊಬ್ಬರು ಸ್ಟಾಕನ್ನು ಕೊಳವೆಯ ಮೇಲೆ ನೆಟ್ಟಗೆ ನೂಕಬೇಕು. ನೂಕುವ ಪಾತ್ರ ನನಗೆ ಸಿಕ್ಕಿತು. ಹಪ್ಪಳದ ಮೆಣಸಿನ ವಾಸನೆಯ ಚೀಲದೊಳಗೆ ನನ್ನೆರಡು ಕೈ, ಅಳಿಯನ ಎರಡು ಕೈ. ಸ್ಟಾಕು ನುಣ್ಣಗೆ ಜಾರುತ್ತ ಹೋಯಿತು. ಕೊನೆಯ ಅರ್ಧ ಇಂಚಿನಲ್ಲಿ ಸ್ಪ್ರಿಂಗು ಒತ್ತಿದ್ದು ನನ್ನ ಅಂಗೈಗೆ ತಿಳಿಯಿತು. ಅಳಿಯ ಹಿಂಬದಿಯ ತೂತಿನಲ್ಲಿ ಸ್ಕ್ರೂ ಇಟ್ಟು ತಿರುಗಿಸತೊಡಗಿದ.

"ಅಪ್ಪ, ಕೈ ತೆಗಿ."

"ಇನ್ನೂ ಸಡಿಲ ಇದೆ ಕಣೇ."

"ಸ್ಕ್ರೂ ಕಚ್ಚಿತು. ಈಗ ಅದು ಕೋವಿ. ತೆಗಿ."

ತೆಗೆದೆ. ಆ ವಾರದವರೆಗೆ ನನ್ನ ಮಂಚದ ಪಕ್ಕವೇ ಬಿದ್ದಿದ್ದ ಸ್ಟಾಕು ಒಂದು ಸ್ಕ್ರೂವಿನ ತಿರುವಿಗೆ ಅಮೆರಿಕ ಸರ್ಕಾರದ ಪಾಲಾಯಿತು.

ಶನಿವಾರ ಇಬ್ಬರೂ ಗುರಿ ಹೊಡೆಯುವ ಮೈದಾನಕ್ಕೆ ಹೋದರು. ನಾವಿಬ್ಬರು ಮನೆಯಲ್ಲಿ. ಸಂಜೆ ಬಂದಾಗ ಅಳಿಯನ ಕೈಯಲ್ಲಿ ಕೋವಿಯ ಚೀಲ, ಮಗಳ ಕೈಯಲ್ಲಿ ಗುರಿಯ ಕಾಗದಗಳು. ಒಂದು ಕಾಗದದಲ್ಲಿ ತೂತುಗಳು ಊರೆಲ್ಲ ಚೆದುರಿದ್ದವು. ಇನ್ನೊಂದರಲ್ಲಿ ಎಲ್ಲವೂ ಹೋಳಿಗೆಯಷ್ಟಗಲದೊಳಗೇ. ಯಾವುದು ಯಾರದೆಂದು ನಾವು ಕೇಳಲಿಲ್ಲ. ಮಗಳು ಎರಡನೆಯದನ್ನು ಫ್ರಿಜ್ಜಿಗೆ ಅಂಟಿಸಿದಳು.

"ಎಷ್ಟು ಆರಾಮಾಗಿ ಕೂರತ್ತೆ ಅಮ್ಮ, ನನಗೇ ಅಂತ ಮಾಡಿಸಿದ ಹಾಗೆ" ಎಂದಳು.

ಅಳಿಯ ಊಟ ಮುಗಿಸಿ ಮತ್ತೆ ಕಂಪ್ಯೂಟರಿನ ಮುಂದೆ ಕೂತ. ಹಾದುಹೋಗುವಾಗ ನೋಡಿದೆ, ಪರದೆಯ ತುಂಬ ಎ2. ನಾನು ಹೆಂಡತಿಯನ್ನು ಪಕ್ಕಕ್ಕೆ ಕರೆದು, ಆ ದಿನ ಚೀಟಿಯಲ್ಲಿ ಬರೆದುಕೊಟ್ಟ ಅಳತೆ ನಿಜಕ್ಕೂ ಯಾರದು ಎಂದು ಕೇಳಿದೆ.

"ಅಳತೆ ಗುಟ್ಟನ್ನ ಹೊಲಿಯೋರು ಯಾರಿಗೂ ಹೇಳಲ್ಲ" ಎಂದು ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡಳು.