ನಿಂತ ಕಾರಿನಲ್ಲಿ ನಾಲ್ಕು ತಾಲ್ಲೂಕು

ನಮ್ಮ ಕಡೆಯ ಸುಗಟೂರಿನ ಹೆಸರು ಹೊತ್ತ ಪಾಳೆಯಗಾರರು ಹೊಸಕೋಟೆ, ಕೋಲಾರಗಳನ್ನು ಆಳಿದವರು. ಅವರು ಕೂಡ ದಂಡು ಹೊರಡುವಾಗ ನನ್ನಷ್ಟು ತಯಾರಿ ಮಾಡಿರಲಾರರು. ಒಂದು ಭಾನುವಾರ ಕಾರಿನಲ್ಲಿ ನಾಲ್ಕು ಹಳ್ಳಿ ನೋಡಿ ರಾತ್ರಿ ಊಟಕ್ಕೆ ಮನೆ ಸೇರುವುದಕ್ಕೆ ನಾನು ಇಡೀ ನೋಟ್‌ಬುಕ್ಕು ತುಂಬಿಸಿದ್ದೆ.

ಎಲ್ಲಕ್ಕೂ ಮೂಲ ನನ್ನ ಷಡ್ಡಕ. ಇಟಲಿಗೆ ಹೋಗಿ, ಬಾಡಿಗೆ ಕಾರಿನಲ್ಲಿ ಟಸ್ಕನಿಯ ಹಳ್ಳಿ ಸುತ್ತಿ ಬಂದವನು. ಗುಡ್ಡದ ಮೇಲಿನ ಕಲ್ಲಿನ ಮನೆಗಳು, ಮಧ್ಯಾಹ್ನ ಬಾಗಿಲು ಹಾಕುವ ಚರ್ಚು, ಹಳೇ ಪೇಟೆಗೆ ಹೊರಗಿನ ಕಾರು ನುಗ್ಗಿದರೆ ಮನೆಗೇ ಬರುವ ದಂಡದ ಚೀಟಿ, ಇವನ್ನೆಲ್ಲ ವರ್ಣಿಸಿ, "ನಿಮ್ಮ ಕಡೆ ಟೊಮೆಟೊ ಬಿಟ್ಟರೆ ಏನಿದೆ?" ಎಂದ. ಟೊಮೆಟೊ ಇಟಲಿಯವರಿಗೂ ಅಮೆರಿಕದಿಂದಲೇ ಬಂದದ್ದು ಎಂದು ಬಾಯಿಗೆ ಬಂದಿತ್ತು; ಕಾಫಿ ಜೊತೆ ನುಂಗಿದೆ. ಗುಡ್ಡ, ಕಲ್ಲು, ಮಧ್ಯಾಹ್ನ ಮುಚ್ಚುವ ಗುಡಿ ನಮ್ಮಲ್ಲೇನು ಕಡಿಮೆಯೇ?

ಯೋಜನೆ ಸಿದ್ಧವಾಯಿತು. ಟೇಕಲ್ ಬಂಡೆಗಳು, 1983ರ ಜ್ಞಾನಪೀಠ ಪಡೆದವರ ಮಾಸ್ತಿ, ಆವಣಿಯ ನೊಳಂಬರ ಕಾಲದ ಗುಡಿಗಳು, ಮುಳಬಾಗಿಲ ದೋಸೆ, ಕುರುಡುಮಲೆಯ 13.5 ಅಡಿ ಗಣಪ, ಕೊನೆಗೆ ಶ್ರೀನಿವಾಸಪುರದ ಮಾವಿನ ತೋಪು. ಗಣಪನಿಗಿಂತ ಮೊದಲು ದೋಸೆ ತಿನ್ನುವುದು ಅಪಚಾರ ಎಂದು ಅತ್ತೆ ಹಟ ಹಿಡಿದರು. ದೋಸೆಯನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಕೆಳಗಿಳಿಸಿದೆ.

ಶನಿವಾರ ಸಂಜೆ ತಾಲೀಮು. ಯಾರು ಕಿಟಕಿ ಪಕ್ಕ, ಯಾರ ತೊಡೆ ಮೇಲೆ ಬುತ್ತಿ, ನಿಂಬೆಹಣ್ಣು ಯಾರ ಕೈಲಿ ಎಂದು ಮೊದಲೇ ಇತ್ಯರ್ಥವಾಗಬೇಕಲ್ಲ! ಹೊಂಗೆಮರದ ಕೆಳಗೆ ನಿಂತಿದ್ದ ಕಾರಿನೊಳಗೆ ಎಲ್ಲರನ್ನೂ ತುಂಬಿದೆ. ಕೀಲಿಕೈ ಅಡುಗೆಮನೆಯ ಮೊಳೆಯಲ್ಲೇ ಇತ್ತು. ಸ್ಟಿಯರಿಂಗ್ ಹಿಡಿದು, "ಅಗೋ, ಅಂತರಗಂಗೆ ಬೆಟ್ಟ" ಎಂದೆ. ಅತ್ತೆ ಎದುರುಮನೆಯ ಹುಲ್ಲಿನ ಬಣವೆಗೆ ಭಕ್ತಿಯಿಂದ ಕೈಮುಗಿದರು. ಕೋಲಾರ ದಾಟಿದೆವು. ಮಕ್ಕಳಿಗೆ ಅವಸರವಾಯಿತು, ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಟೇಕಲ್ ಹತ್ತಿರವಾಗುವಾಗ ಅತ್ತೆಯ ಮುಖ ಹಳದಿಯಾಯಿತು.

"ಅತ್ತೆ, ಕಾರು ನಿಂತೇ ಇದೆ."

"ಗೊತ್ತು ಕಣಪ್ಪಾ, ತಿರುವು ಜಾಸ್ತಿ."

ನಿಂಬೆಹಣ್ಣು ಕೈ ದಾಟಿತು. ಅಷ್ಟರಲ್ಲಿ ಬೀದಿ ಕೊನೆಯ ಮನೆಯಾತ ಗಾಜು ತಟ್ಟಿ, "ಎಕ್ಕಡಿಕಿ ಪಯಣಂ?" ಎಂದ. ಎಲ್ಲಿಗೂ ಇಲ್ಲ ಎಂದೆ. "ಹಂಗಾದ್ರೆ ನನ್ನ ಕೋಲಾರದ ಮಂಡಿ ಹತ್ರ ಇಳಿಸಿ" ಎಂದು ಹಿಂದಿನ ಬಾಗಿಲು ತೆಗೆದು ಕೂತೇಬಿಟ್ಟ. "ಕೋಲಾರ ಆಗಲೇ ಹಿಂದೆ ಹೋಯ್ತಲ್ಲ" ಎಂದಳು ಹೆಂಡತಿ, ನಿಜವಾದ ಕನಿಕರದಿಂದ. ಆತ ಪೆಚ್ಚಾಗಿ ಇಳಿದ. ಆಮೇಲೆ ತುಂಬ ಹೊತ್ತು ರಸ್ತೆಯಲ್ಲೇ ನಿಂತು ನಮ್ಮನ್ನು ನೋಡಿದ. ಆವಣಿ ಬರುವ ಮೊದಲೇ ಮಕ್ಕಳು ಭಾನುವಾರದ ಚಿತ್ರಾನ್ನ ಖಾಲಿ ಮಾಡಿದ್ದರು.

ನಿಜವಾದ ಪ್ರವಾಸದಲ್ಲಿ ಹೇಳುವಂಥದ್ದು ಕಡಿಮೆ. ಟೇಕಲ್ ಆಯಿತು, ಮಾಸ್ತಿ ಆಯಿತು, ಆವಣಿಯಲ್ಲಿ ಗುಡಿಯ ಬಾಗಿಲು ಹಾಕಿತ್ತು. ಜೊತೆಗೆ ಬಂದಿದ್ದ ಷಡ್ಡಕ ಗಡಿಯಾರ ನೋಡಿ ನಕ್ಕ. ಅವನ ಆ ನಗು ನನಗೆ ಇವತ್ತಿಗೂ ಆಗದು.

ದಾರಿಯ ಹಳ್ಳಿಯೊಂದರಲ್ಲಿ ನೀರು ಕೇಳಿದೆವು. ಸಾಲುಮನೆಗಳಲ್ಲಿ ಅರ್ಧಕ್ಕೆ ಬೀಗ. ಚೊಂಬು ತಂದುಕೊಟ್ಟ ಅಜ್ಜಿಯ ಮಗ ನರಸಾಪುರದ ಕಾರ್ಖಾನೆಯಲ್ಲಿ, ಮೊಮ್ಮಗ ಬೆಂಗಳೂರಿನಲ್ಲಿ. ಸಾವಿರ ಅಡಿ ಕೊರೆಸಿದ ಕೊಳವೆಬಾವಿ ಬತ್ತಿ, ಕುಡಿಯುವ ನೀರಿಗೆ ಕ್ಯಾನು ತರಿಸುತ್ತಾಳೆ. ಆ ಕ್ಯಾನಿನ ನೀರನ್ನೇ ನಾವು ಕುಡಿದದ್ದು. ಷಡ್ಡಕನ ನಗು ನಿಂತಿತು. ಇಟಲಿಯಲ್ಲೂ ಹೀಗೇ ಬರಿದಾದ ಊರುಗಳಿವೆಯಂತೆ. ಜನ ಬರಲಿ ಎಂದು ಪಾಳುಮನೆಯನ್ನು ಒಂದು ಯೂರೋಗೆ ಮಾರುತ್ತಾರಂತೆ. ಇಲ್ಲಿ ಆ ಭಾಗ್ಯವೂ ಇಲ್ಲ. ಹೊಲಕ್ಕೆ ಜನ ಬರುವ ಮೊದಲು ದಲ್ಲಾಳಿ ಬಂದಿರುತ್ತಾನೆ, ರೇಟು ಕೋಟಿಯಲ್ಲಿ ಹೇಳುತ್ತಾನೆ.

ನೀವು ಬರುವುದಾದರೆ ಕುರುಡುಮಲೆ, ಆವಣಿಗಳನ್ನು ಬೆಳಗ್ಗೆಯೇ ಮುಗಿಸಿಕೊಳ್ಳಿ. ಮಾವು ಬೇಕಿದ್ದರೆ ಮೇ, ಜೂನ್‌ನಲ್ಲಿ ಬನ್ನಿ. ಕುಡಿಯುವ ನೀರು ಮನೆಯಿಂದಲೇ ತನ್ನಿ.