ಕಾಚಿಗುಡದ ಮುಂಜಾಗ್ರತಾಪುರುಷ

ಹೈದರಾಬಾದಿನ ಕಾಚಿಗುಡ, ನಾರಾಯಣಗುಡ, ಬರ್ಕತ್‌ಪುರಗಳಲ್ಲಿ ನೆಲೆಸಿರುವ ಕನ್ನಡಿಗರ ನಡುವೆ, ಸರ್ಕಾರಿ ನೌಕರಿಯಿಂದ ನಿವೃತ್ತರಾದ ನಾಲ್ಕಾರು ತಿಂಗಳಲ್ಲೇ ರೂಪುಗೊಳ್ಳುವ ಮಾನವವರ್ಗವೊಂದಿದ್ದು, ಅಧ್ಯಯನದ ಅನುಕೂಲಕ್ಕಾಗಿ ಅದರ ಪ್ರತಿನಿಧಿಯನ್ನು ಮುಂಜಾಗ್ರತಾಪುರುಷ ಎಂದು ಕರೆಯಬಹುದು. ರೋಗ ಬಂದ ಮೇಲೆ ಔಷಧ ಹುಡುಕುವುದಕ್ಕಿಂತ ಅದು ಬಾರದಂತೆ ನೋಡಿಕೊಳ್ಳುವುದೇ ಮೇಲು ಎಂಬ ವೈದ್ಯಶಾಸ್ತ್ರದ ತತ್ತ್ವವನ್ನು ಈತ ಅಕ್ಷರಶಃ ಒಪ್ಪುತ್ತಾನೆ. ಆದರೆ ಹಾಗೆ ನೋಡಿಕೊಳ್ಳಲು ಕಾಸು ಬಿಚ್ಚಬೇಕಾಗಿ ಬಂದರೆ ರೋಗವೇ ವಾಸಿ ಎಂಬ ತಿದ್ದುಪಡಿಯನ್ನು ತಾನೇ ಅದಕ್ಕೆ ಸೇರಿಸಿಕೊಂಡಿದ್ದಾನೆ. ಈತನ ಮೂಲ ಸಾಮಾನ್ಯವಾಗಿ ಕಲಬುರಗಿ, ಬೀದರ್ ಅಥವಾ ರಾಯಚೂರು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದಾಗ, ನಿಜಾಮರ ಕಾಲದಲ್ಲೇ ಚಾಕರಿಗೆಂದು ಬಂದಿದ್ದ ಈತನ ತಂದೆ ಬಾಡಿಗೆ ಮನೆಯ ಮುಂಗಡ ವಾಪಸು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಇಲ್ಲಿಯೇ ಉಳಿದುಬಿಟ್ಟದ್ದರಿಂದ, ಮಿತವ್ಯಯವನ್ನು ಈತನ ಆನುವಂಶಿಕ ಲಕ್ಷಣವೆಂದೇ ಪರಿಗಣಿಸಬೇಕಾಗುತ್ತದೆ.

ಈತನ ದಿನಚರಿ ನಸುಕಿನ ಐದಕ್ಕೆ ಆರಂಭವಾಗುತ್ತದೆ. ಜುಬಿಲಿ ಹಿಲ್ಸ್ ಕಡೆಯ ಸಿರಿವಂತರು 1998ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕಾಸು ಬ್ರಹ್ಮಾನಂದ ರೆಡ್ಡಿ ಉದ್ಯಾನದಲ್ಲಿ ನವಿಲುಗಳ ನಡುವೆ ನಡೆಯುತ್ತಾರಾದರೂ, ಗಾಳಿಗೂ ಟಿಕೆಟ್ ತೆಗೆಯುವ ಆ ಪದ್ಧತಿ ಮುಂಜಾಗ್ರತಾಪುರುಷನಿಗೆ ಒಗ್ಗುವುದಿಲ್ಲ. ಆತನಿಗೆ ಬರ್ಕತ್‌ಪುರದಿಂದ ನಲ್ಲಕುಂಟದವರೆಗಿನ ಸಾರ್ವಜನಿಕ ರಸ್ತೆಯೇ ಸಾಕು. ಅಲ್ಲಿ ನವಿಲುಗಳ ಬದಲು ಬೀದಿನಾಯಿಗಳಿದ್ದು, ಸಂಬಳವಿಲ್ಲದ ತರಬೇತುದಾರರ ಕೆಲಸವನ್ನು ಅವು ಮಾಡುತ್ತವೆ, ಎರಡು ದೀಪದ ಕಂಬಗಳ ನಡುವೆ ಆತನ ವೇಗವನ್ನು ಇಮ್ಮಡಿಗೊಳಿಸುತ್ತವೆ. ಒಂದು ವೇಳೆ ಕಚ್ಚಿದರೂ ಚಿಂತೆಯಿಲ್ಲ, ರೇಬೀಸ್ ಲಸಿಕೆ ಹಾಕುವ ಸರ್ಕಾರಿ ರೋಗನಿರೋಧಕ ಸಂಸ್ಥೆ ನಾರಾಯಣಗುಡದಲ್ಲೇ ಇದೆ ಎಂಬುದು ಆತನ ನಿಶ್ಚಿಂತೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ನಿಯಮ ವೈದ್ಯರ ಲೆಕ್ಕಾಚಾರದಿಂದ ಹುಟ್ಟಿದ್ದಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ತನ್ನ ಯಂತ್ರದ ಮಾರಾಟಕ್ಕೆ ಬಳಸಿದ ಸಂಖ್ಯೆ ಎಂದು ಯಾರಾದರೂ ತಿಳಿಸಿದರೆ, ಹಾಗಿದ್ದರೆ ಎಂಟು ಸಾವಿರಕ್ಕೆ ನಿಲ್ಲಿಸಿದರೆ ಚಪ್ಪಲಿಯ ಅಟ್ಟೆ ಎಷ್ಟು ಉಳಿಯುತ್ತದೆ ಎಂದು ಆತ ತಕ್ಷಣ ಲೆಕ್ಕ ಹಾಕುತ್ತಾನೆ.

ಪರೀಕ್ಷೆಗಳ ವಿಷಯದಲ್ಲಿ ಆತನ ವಿದ್ವತ್ತು ಅಸಾಧಾರಣವಾದುದು. ನಗರದ ಬಡಾವಣೆಗಳಲ್ಲಿ 2018ರಿಂದ ತೆರೆಯುತ್ತ ಬಂದ ಬಸ್ತಿ ದವಾಖಾನೆಗಳಲ್ಲಿ, ಅಂದರೆ ಒಬ್ಬ ವೈದ್ಯರು ಮತ್ತು ದಾದಿಯೊಬ್ಬರು ಇರುವ ಓಣಿಯ ಚಿಕಿತ್ಸಾಲಯಗಳಲ್ಲಿ, ತೆಗೆದ ರಕ್ತದ ಮಾದರಿಯು ತೆಲಂಗಾಣ ಡಯಾಗ್ನೋಸ್ಟಿಕ್ಸ್ ಎಂಬ ಸರ್ಕಾರಿ ಪ್ರಯೋಗಾಲಯಕ್ಕೆ ಹೋಗಿ, ಫಲಿತಾಂಶವು ಬಿಡಿಗಾಸಿಲ್ಲದೆ ಫೋನಿಗೆ ಬರುತ್ತದೆಂಬುದನ್ನು ಬಂಧುಬಳಗಕ್ಕೆಲ್ಲ ತಿಳಿಸಿದವನು ಆತನೇ. ಬಂದ ಅಂಕಿಗಳನ್ನು ಕಿರಾಣಿ ಅಂಗಡಿಯವನು ಕೊಟ್ಟ ತಿಮ್ಮಪ್ಪನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಆತ ಬರೆದಿಡುವುದರಿಂದ, ತಿಂಗಳ ಕೊನೆಯಲ್ಲಿ ಹಾಲಿನವನ ಬಾಕಿಗೆ ಯಜಮಾನನ ರಕ್ತದೊತ್ತಡವೂ ಕೂಡಿಕೊಳ್ಳುವ ಅಪಾಯ ಯಾವಾಗಲೂ ಇರುತ್ತದೆ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಸೀರೆ ಅಂಗಡಿಯ ಕೈಚೀಲದಲ್ಲಿ ಅಕ್ಷರ ಮಾಸಿದ ಇಸಿಜಿ ಸುರುಳಿಗಳು, ಯಾರದೆಂದು ಈಗ ಯಾರಿಗೂ ನೆನಪಿಲ್ಲದ ಎದೆಯ ಎಕ್ಸ್‌ರೇ, 2018ರ ಆಗಸ್ಟ್ 15ರಂದು ಶುರುವಾದ ಕಂಟಿ ವೆಲುಗು ನೇತ್ರ ತಪಾಸಣೆಯಲ್ಲಿ ಪುಕ್ಕಟೆ ಸಿಕ್ಕ ಕನ್ನಡಕ, ಇವೆಲ್ಲ ಸುರಕ್ಷಿತವಾಗಿವೆ.

ಪರೀಕ್ಷೆಗೆ ಮೂರು ದಿನ ಮೊದಲು ಆತ ಸಿಹಿಯನ್ನೂ ಅನ್ನವನ್ನೂ ಬಿಟ್ಟು ಏಕಾದಶಿಗಿಂತ ಕಠಿಣವಾದ ವ್ರತ ಹಿಡಿಯುತ್ತಾನೆ. ಖಾಲಿ ಹೊಟ್ಟೆಯಲ್ಲಿ ನೋಡುವ ಸಕ್ಕರೆಯ ಪರೀಕ್ಷೆ ಈ ವ್ರತಕ್ಕೆ ಒಲಿಯುವುದುಂಟು. ಆದರೆ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳಾಗಿದ್ದು, ಅಷ್ಟು ದಿನವೂ ಸಕ್ಕರೆ ಅದಕ್ಕೆ ಅಂಟುತ್ತಲೇ ಇರುವ ಕಾರಣ, ಎಚ್‌ಬಿಎ1ಸಿ ಎಂಬ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನೇ ಹೊರಗೆಳೆದು, ನಡುವೆ ಬಂದುಹೋದ ಎರಡು ಮದುವೆ ಮತ್ತು ಒಂದು ಗೃಹಪ್ರವೇಶವನ್ನು ಬಯಲಿಗಿಡುತ್ತದೆ. ಸಂಜೆ ಕಟ್ಟೆಯ ಮೇಲೆ ಗೆಳೆಯರು ಕೂಡಿದಾಗ ಈ ಅಂಕಿಯೇ ಮೆಟ್ರಿಕ್ ಫಲಿತಾಂಶದ ಸ್ಥಾನ ಪಡೆಯುತ್ತದೆ. "ನಿಮ್ದೆಷ್ಟು ಬಂತ್ರೀ?" ಎಂದು ಒಬ್ಬರು ಕೇಳಿದರೆ, "ಏಳೂ ಎರಡು" ಎಂದು ಇನ್ನೊಬ್ಬರು ತಗ್ಗಿದ ದನಿಯಲ್ಲಿ ಹೇಳುತ್ತಾರೆ, "ನಮ್ದು ಆರೂವರಿ ನೋಡ್ರಿ" ಎಂದು ಮುಂಜಾಗ್ರತಾಪುರುಷ ಎದೆಯುಬ್ಬಿಸುತ್ತಾನೆ. ಆರೂವರೆಯೂ ಮಧುಮೇಹದ ಗಡಿಯೊಳಗಿನ ಅಂಕಿಯೇ ಎಂಬುದು ಆ ಕಟ್ಟೆಯ ಮೇಲೆ ಚರ್ಚೆಗೆ ಬರುವುದಿಲ್ಲ.

ಖಾಸಗಿ ಆಸ್ಪತ್ರೆಗಳು ಭಾನುವಾರ ನಡೆಸುವ ಉಚಿತ ಶಿಬಿರಗಳನ್ನೂ ಆತ ಬಿಡುವವನಲ್ಲ. ಅಲ್ಲಿ ಬರೆಸಿಬಂದ ಫೋನ್ ನಂಬರಿಗೆ ಸೋಮವಾರದಿಂದ ಕರೆಗಳು ಶುರುವಾಗಿ, ಅಡಿಯಿಂದ ಮುಡಿಯವರೆಗಿನ ತಪಾಸಣೆಗೆ ಅರ್ಧ ಬೆಲೆಯ ಆಮಿಷ ಒಡ್ಡಲಾಗುತ್ತದೆ. ಅತ್ತ ಕಡೆಯ ಹುಡುಗಿಯಿಂದಲೇ ಇಪ್ಪತ್ತು ನಿಮಿಷ ಪುಕ್ಕಟೆ ಸಲಹೆ ಪಡೆದು ಆತ ಫೋನ್ ಇಡುತ್ತಾನೆ.

ಆಹಾರದ ವಿಚಾರದಲ್ಲಿ ಈ ನಗರವು ದೇಶಕ್ಕೇ ಬುದ್ಧಿ ಹೇಳುವ ಸ್ಥಾನದಲ್ಲಿದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಸಣ್ಣ ಸಂಶೋಧನಾ ಘಟಕವು 1958ರಲ್ಲಿ ಹೈದರಾಬಾದಿಗೆ ಬಂದು ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು, ಮತ್ತು ಅದು 2024ರಲ್ಲಿ ಪ್ರಕಟಿಸಿದ 17 ಆಹಾರಸೂತ್ರಗಳು ತಟ್ಟೆಯ ಅರ್ಧಭಾಗ ತರಕಾರಿ, ಹಣ್ಣುಗಳಿರಲಿ, ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ ಎನ್ನುತ್ತವೆ. ಮುಂಜಾಗ್ರತಾಪುರುಷ ಇದನ್ನು ತನ್ನದೇ ರೀತಿಯಲ್ಲಿ ಪಾಲಿಸುತ್ತಾನೆ: ರೈತುಬಜಾರಿಗೆ ಅಂಗಡಿ ಎತ್ತುವ ಹೊತ್ತಿಗೆ ಹೋಗುವುದರಿಂದ ಅರ್ಧ ಬೆಲೆಗೆ ಸಿಕ್ಕ ಬಾಡಿದ ಸೊಪ್ಪು ತಟ್ಟೆಯನ್ನು ತುಂಬುತ್ತದೆ, ಉಪ್ಪಿನಕಾಯಿಯಲ್ಲಿರುವುದನ್ನು ಆತ ಉಪ್ಪೆಂದು ಎಣಿಸುವುದಿಲ್ಲ. ಇರಾನಿ ಚಹಾದ ಜೊತೆಗಿನ ಉಸ್ಮಾನಿಯಾ ಬಿಸ್ಕತ್ತು ಮೊದಲು ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗಾಗಿ ಮಾಡಿದ್ದೆಂಬ ಕಥೆ ಊರಲ್ಲಿ ಪ್ರಚಲಿತವಿರುವುದರಿಂದ, ಅದನ್ನು ಆತ ಔಷಧಗಳ ಸಾಲಿಗೆ ಸೇರಿಸಿದ್ದಾನೆ. ಬಂಜಾರಾ ಹಿಲ್ಸ್‌ನ ಅಂಗಡಿಯಲ್ಲಿ ಸಿರಿಧಾನ್ಯದ ಹೆಸರಿನಲ್ಲಿ ಜೋಳದ ಹಿಟ್ಟಿಗೆ ಹಚ್ಚಿದ ಬೆಲೆ ಕಂಡ ದಿನ ಮಾತ್ರ ಆತನ ರಕ್ತದೊತ್ತಡ ನಿಜವಾಗಿಯೂ ಏರಿತ್ತು.

ಮೃಗಶಿರಾ ಮಳೆ ಹುಟ್ಟುವ ಜೂನ್ ತಿಂಗಳಲ್ಲಿ, ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ ಬತ್ತಿನಿ ಗೌಡ ಮನೆತನದವರು ಉಬ್ಬಸಕ್ಕೆಂದು ಹಣ ಪಡೆಯದೆ ಹಂಚುವ ಮೀನುಪ್ರಸಾದದ ಸಾಲಿನಲ್ಲಿಯೂ ಆತನನ್ನು ಕಾಣಬಹುದು. ಕೊರ್ರಮೀನಿನ ಜೀವಂತ ಮರಿಯ ಬಾಯಲ್ಲಿ ಔಷಧವಿಟ್ಟು ನುಂಗಿಸುವ ಈ ಪದ್ಧತಿ 1845ರಿಂದ ನಡೆದುಬಂದಿದೆ ಎಂದು ಆ ಮನೆತನ ಹೇಳುತ್ತದೆ. ಅದರ ಗುಣ ವಿಜ್ಞಾನದಿಂದ ಸಾಬೀತಾಗಿಲ್ಲ. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ ಕೊಡುವುದರಿಂದ ಆತನ ಮಡಿಗೆ ಭಂಗವಿಲ್ಲ. ಆತನಿಗೆ ಉಬ್ಬಸ ಎಂದೂ ಇದ್ದುದಿಲ್ಲ, ಮುಂದೆ ಬರಬಾರದೆಂದು ಸಾಲಿನಲ್ಲಿ ನಿಲ್ಲುತ್ತಾನೆ.

ಇಷ್ಟೆಲ್ಲ ಇದ್ದೂ ಆತ ಎಪ್ಪತ್ತರಲ್ಲಿ ಗಟ್ಟಿಯಾಗಿರುವುದು ಸುಳ್ಳಲ್ಲ. ದವಾಖಾನೆಗೂ ಶಿಬಿರಕ್ಕೂ ಬಜಾರಿಗೂ ನಾಂಪಲ್ಲಿಗೂ ಆಟೋ ಹತ್ತದೆ ನಡೆದೇ ಹೋಗುವ ಜಿಪುಣತನ ಒಂದು ಕಾರಣ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ಸಾಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಆತ ಬುಧವಾರದೊಳಗೇ ದಾಟಿರುತ್ತಾನೆ. ಇನ್ನೊಂದು ಕಾರಣ, ನಲವತ್ತು ವರ್ಷಗಳಿಂದ ದಿನಾ ಜೋಳದ ರೊಟ್ಟಿ ಬಡಿದು, ಕಾಳುಪಲ್ಯ ಮಾಡಿ, ಆತನ ಗುಳಿಗೆಯ ಹೊತ್ತನ್ನು ನೆನಪಿಡುವ ಹೆಂಡತಿ. ಕ್ಯಾಲೆಂಡರಿನಲ್ಲಾಗಲಿ ಕೈಚೀಲದಲ್ಲಾಗಲಿ ಆಕೆಯದೊಂದು ಅಂಕಿಯೂ ಇಲ್ಲ. ಕೇಳಿದರೆ "ನನಗೇನಾಗ್ಯದರೀ" ಎನ್ನುತ್ತಾಳೆ, ಆ ಉತ್ತರವನ್ನೇ ಆತ ವರದಿಯೆಂದು ಸ್ವೀಕರಿಸಿದ್ದಾನೆ. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಮಧುಮೇಹ ಹಾಗೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಲ್ಕವಿಲ್ಲದೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮವಿದ್ದು, ಅದರ ಕೊನೆಯ ಎರಡು ಆಕೆಯಂಥವರಿಗಾಗಿಯೇ ಇವೆ. ಮುಂದಿನ ಸಲ ದವಾಖಾನೆಗೆ ಹೊರಡುವಾಗ ಮುಂಜಾಗ್ರತಾಪುರುಷರು ಹೆಂಡತಿಯನ್ನೂ ಜೊತೆಗೆ ಕರೆದೊಯ್ಯಬೇಕು. ಇಬ್ಬರು ಹೋದರೂ ಖರ್ಚು ಅಷ್ಟೇ.